ಎರಡು ಕ್ರಿಯಾಪದ ಒಟ್ಟಿಗೆ ಬಂದಾಗ: ಇಂಗ್ಲಿಷ್ ಟೆನ್ಸ್ ಹೊಂದಿಸುವ ಬಗೆ

ಟೆನ್ಸ್ ಪಾಠ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಆಗಿರುತ್ತದೆ. ಹನ್ನೆರಡು ಮನೆಯ ಕೋಷ್ಟಕ, ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಒಂದೊಂದಕ್ಕೂ ಒಂದೊಂದು ಉದಾಹರಣೆ. ಒಂದೇ ಕ್ರಿಯಾಪದ ಇರುವ ವಾಕ್ಯ ಕೊಟ್ಟರೆ ಬಹಳ ಜನ ತಪ್ಪಿಲ್ಲದೆ ಬರೆಯುತ್ತಾರೆ. ಎರಡನೆಯ ಕ್ರಿಯಾಪದ ಬಂತೋ, ಕೈ ತಡವರಿಸುತ್ತದೆ. “ನಾನು ಹೋಗುವಷ್ಟರಲ್ಲಿ ರೈಲು ಹೊರಟುಹೋಗಿತ್ತು” ಅನ್ನೋದಕ್ಕೆ ಹ್ಯಾಡ್ ಎಲ್ಲಿ ಹಾಕಬೇಕು? “ಅವರು ಬಂದಾಗ ಹೇಳ್ತೀನಿ” ಅನ್ನೋದಕ್ಕೆ ವಿಲ್ ಒಂದು ಸಲವೋ ಎರಡು ಸಲವೋ? ಕೋಷ್ಟಕದಲ್ಲಿ ಇದಕ್ಕೆ ಉತ್ತರ ಇಲ್ಲ. ಅದು ಟೆನ್ಸ್‌ಗಳನ್ನು ಬಿಡಿಬಿಡಿಯಾಗಿ ಕಲಿಸುತ್ತದೆ. ಜೊತೆಗೆ ಬಂದಾಗ ಹೇಗೆ ಅಂತ ಹೇಳುವುದೇ ಇಲ್ಲ.

ನಮಗೆ ಇದು ಕಷ್ಟ ಆಗೋದಕ್ಕೆ ಕಾರಣ ಕನ್ನಡ ವಾಕ್ಯ ಕಟ್ಟುವ ರೀತಿಯಲ್ಲೇ ಇದೆ. “ಎದ್ದು, ಸ್ನಾನ ಮಾಡಿ, ತಿಂಡಿ ತಿಂದು ಆಫೀಸಿಗೆ ಹೋದೆ.” ಈಗ ಕೊನೆಯ ‘ಹೋದೆ’ ತೆಗೆದು ‘ಹೋಗ್ತೀನಿ’ ಹಾಕಿ. ಎದ್ದು, ಮಾಡಿ, ತಿಂದು ಮೂರೂ ಇದ್ದಲ್ಲೇ ಇರುತ್ತವೆ. ಕಾಲ ತೋರಿಸುವ ಹೊಣೆ ಪೂರ್ತಿ ಕೊನೆಯ ಕ್ರಿಯಾಪದದ್ದು. ಇಂಗ್ಲಿಷ್‌ನಲ್ಲಿ ಹಾಗೆ ಒಬ್ಬರ ತಲೆಗೆ ಕಟ್ಟಿ ಸುಮ್ಮನಾಗೋಕೆ ಆಗಲ್ಲ. “ಐ ವೋಕ್ ಅಪ್, ಟುಕ್ ಎ ಬಾತ್, ಏಟ್ ಬ್ರೇಕ್‌ಫಾಸ್ಟ್ ಅಂಡ್ ವೆಂಟ್ ಟು ದಿ ಆಫೀಸ್.” ದಿನಾ ಮಾಡುವ ಕೆಲಸ ಅಂತ ಹೇಳಬೇಕಾದರೆ ನಾಲ್ಕನ್ನೂ ಬದಲಾಯಿಸಬೇಕು: ವೇಕ್, ಟೇಕ್, ಈಟ್, ಗೋ. ಪ್ರತಿ ಕ್ರಿಯಾಪದಕ್ಕೂ ತನ್ನದೇ ಕಾಲ ಬೇಕು, ಆ ಕಾಲಗಳು ಒಂದಕ್ಕೊಂದು ಹೊಂದಬೇಕು. ಕೆಳಗೆ ಹೇಳಿರುವುದೆಲ್ಲ ಇದೊಂದರ ಸುತ್ತಲೇ ಇದೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿ, ಕಿವಿಗೆ ಬೇಗ ಹತ್ತುತ್ತದೆ.

ಮೊದಲು ನಿಲ್ಲುವ ಜಾಗ ಗೊತ್ತುಮಾಡಿ

ಬರೆಯಲು ಕೂತ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಯಾವ ಕಾಲದಲ್ಲಿ ನಿಂತು ಹೇಳುತ್ತಿದ್ದೇನೆ? ನಡೆದುಹೋದ ಸಂಗತಿಯಾದರೆ ನಿಮ್ಮ ಜಾಗ ಸಿಂಪಲ್ ಪಾಸ್ಟ್. ಕಾರಣ ಇಲ್ಲದೆ ಅಲ್ಲಿಂದ ಕದಲಬಾರದು.

ನಾವು ಕದಲುವುದು ಹೇಗೆ ಗೊತ್ತಾ? ಕನ್ನಡದಲ್ಲಿ ಮಾತಾಡುವಾಗ, “ಬ್ಯಾಂಕಿಗೆ ಹೋದೆ. ನೋಡಿದ್ರೆ ಅಲ್ಲಿ ಯಾರೂ ಇಲ್ಲ. ಒಬ್ಬ ಕೂತಿದ್ದಾನೆ, ನಾಳೆ ಬನ್ನಿ ಅಂತಾನೆ” ಅಂತ ಸಲೀಸಾಗಿ ಹೇಳುತ್ತೇವೆ. ಕಥೆಗೆ ಕಳೆ ಬರುವುದೇ ಹಾಗೆ. ಅದೇ ಧಾಟಿ ಇಂಗ್ಲಿಷ್‌ಗೆ ಇಳಿದರೆ “ಐ ವೆಂಟ್ ಟು ದ ಬ್ಯಾಂಕ್. ನೋಬಡಿ ಈಸ್ ದೇರ್. ಒನ್ ಮ್ಯಾನ್ ಈಸ್ ಸಿಟಿಂಗ್ ಅಂಡ್ ಹಿ ಟೆಲ್ಸ್ ಮಿ ಟು ಕಮ್ ಟುಮಾರೊ” ಆಗುತ್ತದೆ. ಗೆಳೆಯರ ಮುಂದೆ ಹರಟೆ ಹೊಡೆಯುವಾಗ ಇಂಗ್ಲಿಷ್‌ನವರೂ ಹೀಗೆ ಹೇಳುವುದುಂಟು. ದೂರಿನ ಪತ್ರದಲ್ಲಿ, ವರದಿಯಲ್ಲಿ, ಪರೀಕ್ಷೆಯಲ್ಲಿ ಬೇಡ. ಅಲ್ಲಿ “ನೋಬಡಿ ವಾಸ್ ದೇರ್. ಒನ್ ಮ್ಯಾನ್ ವಾಸ್ ಸಿಟಿಂಗ್ ಅಂಡ್ ಹಿ ಟೋಲ್ಡ್ ಮಿ ಟು ಕಮ್ ದ ನೆಕ್ಸ್ಟ್ ಡೇ” ಅಂತಲೇ ಇರಲಿ.

ಹಾಗಂತ ವಾಕ್ಯದಲ್ಲಿ ಇರುವ ಎಲ್ಲವನ್ನೂ ಹಿಂದಕ್ಕೆ ತಳ್ಳಬೇಕಾಗಿಲ್ಲ. “ಲಾಸ್ಟ್ ಇಯರ್ ವಿ ವಿಸಿಟೆಡ್ ಹಂಪಿ, ವಿಚ್ ಈಸ್ ಆನ್ ದ ಬ್ಯಾಂಕ್ಸ್ ಆಫ್ ದ ತುಂಗಭದ್ರಾ.” ಹೋಗಿಬಂದದ್ದು ಹೋದ ವರ್ಷ. ಹಂಪಿ ಈಗಲೂ ತುಂಗಭದ್ರೆಯ ದಡದಲ್ಲೇ ಇದೆ. ಆದ್ದರಿಂದ ವಿಸಿಟೆಡ್ ಪಕ್ಕದಲ್ಲಿ ಈಸ್ ಬಂದರೆ ಏನೂ ತೊಂದರೆ ಇಲ್ಲ. ಇಂಥ ಕಾರಣ ಇದ್ದರೆ ಮಾತ್ರ ಕದಲಿ.

ನಿನ್ನೆ ಅಂದ ಮೇಲೆ ಹ್ಯಾವ್ ಬೇಡ, ಹ್ಯಾಡ್ ಕೂಡ ಬೇಡ

ಎರಡನೆಯ ಹೆಜ್ಜೆ ಕಾಲ ಹೇಳುವ ಪದ ಹುಡುಕುವುದು. ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019. ಇವು ಮುಗಿದುಹೋದ ಕಾಲಕ್ಕೆ ಬಿದ್ದ ಮೊಳೆ. ಇವುಗಳ ಜೊತೆ ಬರುವುದು ಸಿಂಪಲ್ ಪಾಸ್ಟ್.

“ನಿನ್ನೆಯೇ ಮೇಲ್ ಕಳಿಸಿದ್ದೇನೆ ಸಾರ್.” ಇದು ಒಳ್ಳೆಯ ಕನ್ನಡ. ಆದರೆ ಕಳಿಸಿದ್ದೇನೆ ಅನ್ನೋದನ್ನ ಹಾಗೇ ಹಿಡಿದು “ಐ ಹ್ಯಾವ್ ಸೆಂಟ್ ದ ಮೇಲ್ ಯೆಸ್ಟರ್ಡೇ” ಅಂತ ಬರೆದರೆ ತಪ್ಪು. “ಐ ಸೆಂಟ್ ದ ಮೇಲ್ ಯೆಸ್ಟರ್ಡೇ” ಅನ್ನಿ. ಇಲ್ಲವೇ ಯೆಸ್ಟರ್ಡೇ ಬಿಟ್ಟು “ಐ ಹ್ಯಾವ್ ಸೆಂಟ್ ದ ಮೇಲ್” ಅನ್ನಿ. ಎರಡರಲ್ಲಿ ಒಂದು.

“ನಿನ್ನೆ ಮೈಸೂರಿಗೆ ಹೋಗಿದ್ದೆ.” ಇದೂ ಒಳ್ಳೆಯ ಕನ್ನಡ. ಹೋಗಿದ್ದೆ ಅಂದರೆ ಹೋಗಿ ವಾಪಸ್ ಬಂದೆ ಅನ್ನೋ ಅರ್ಥ ನಮ್ಮ ಕಿವಿಗೆ ಕೇಳಿಸುತ್ತದೆ. ಇದನ್ನೇ “ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್ಡೇ” ಮಾಡುವವರು ಲೆಕ್ಕವಿಲ್ಲದಷ್ಟು. ನನ್ನ ಪ್ರಕಾರ ಕನ್ನಡಿಗರ ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಕಾಣುವ ಟೆನ್ಸ್ ತಪ್ಪು ಇದೇ. ಹ್ಯಾಡ್ ಗಾನ್ ಅಂದ ಕೂಡಲೇ ಇಂಗ್ಲಿಷ್ ಕಿವಿ “ಸರಿ, ಯಾವುದಕ್ಕಿಂತ ಮೊದಲು?” ಅಂತ ಕಾಯುತ್ತದೆ. ನೀವು ಅಲ್ಲಿಗೇ ನಿಲ್ಲಿಸಿಬಿಟ್ಟರೆ ವಾಕ್ಯ ಅರ್ಧಕ್ಕೆ ನಿಂತಂತೆ. “ಐ ವೆಂಟ್ ಟು ಮೈಸೂರು ಯೆಸ್ಟರ್ಡೇ” ಸಾಕು. ಜೊತೆಗೆ ಎರಡನೆಯ ಸಂಗತಿ ಇದ್ದಾಗ ಹ್ಯಾಡ್ ತಾನಾಗಿ ಸರಿಹೋಗುತ್ತದೆ: “ವೆನ್ ಯು ಕೇಮ್ ಹೋಮ್, ಐ ಹ್ಯಾಡ್ ಗಾನ್ ಟು ಮೈಸೂರು.” ನೀವು ಮನೆಗೆ ಬಂದದ್ದು ಆಮೇಲೆ, ನಾನು ಹೊರಟದ್ದು ಅದಕ್ಕೂ ಮೊದಲು.

ಹ್ಯಾವ್ ಬಗ್ಗೆ ಇನ್ನೊಂದು ಮಾತು. ಹ್ಯಾವ್, ಹ್ಯಾಸ್ ಬಂದರೆ ಆ ಲೆಕ್ಕ ಇನ್ನೂ ತೆರೆದಿದೆ, ಮುಂದೆಯೂ ಸೇರಬಹುದು ಅನ್ನೋ ಅರ್ಥ. ಅದಕ್ಕೇ ತೀರಿಕೊಂಡವರ ಜೀವಮಾನದ ಕೆಲಸಕ್ಕೆ ಅದು ಹೊಂದುವುದಿಲ್ಲ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡರು. ಅವರ ಬಗ್ಗೆ “ಹಿ ಆ್ಯಕ್ಟೆಡ್ ಇನ್ ಮೋರ್ ದ್ಯಾನ್ 200 ಫಿಲ್ಮ್ಸ್” ಅನ್ನಬೇಕು. ಈಗಲೂ ನಟಿಸುತ್ತಿರುವವರಿಗೆ “ಹಿ ಹ್ಯಾಸ್ ಆ್ಯಕ್ಟೆಡ್” ಸರಿ. ನಿವೃತ್ತರಾದ ಆಟಗಾರರಿಗೂ ಹೀಗೇ. ಅನಿಲ್ ಕುಂಬ್ಳೆ 2008ರಲ್ಲಿ ಟೆಸ್ಟ್ ಆಡುವುದು ನಿಲ್ಲಿಸಿದರು. ಆದ್ದರಿಂದ “ಕುಂಬ್ಳೆ ಟುಕ್ 619 ಟೆಸ್ಟ್ ವಿಕೆಟ್ಸ್.” ಇನ್ನು ಅದಕ್ಕೆ ಒಂದೂ ಸೇರುವುದಿಲ್ಲ.

ಅಮೆರಿಕದವರ ಜೊತೆ ಕೆಲಸ ಮಾಡುವವರಿಗೆ ಒಂದು ಸೂಚನೆ. “ಐ ಆಲ್ರೆಡಿ ಏಟ್”, “ಡಿಡ್ ಯು ಫಿನಿಶ್ ಇಟ್ ಯೆಟ್?” ಅಂತ ಅವರು ಹೇಳಿದರೆ ಗಾಬರಿ ಬೇಡ. ಬ್ರಿಟಿಷ್ ರೂಢಿಯಲ್ಲಿ ಆಲ್ರೆಡಿ, ಜಸ್ಟ್, ಯೆಟ್ ಜೊತೆ ಹ್ಯಾವ್ ಬರುತ್ತದೆ. ಅಮೆರಿಕದಲ್ಲಿ ಎರಡೂ ನಡೆಯುತ್ತವೆ. ನಮ್ಮ ಪರೀಕ್ಷೆಗಳಿಗೆ ಬ್ರಿಟಿಷ್ ರೂಢಿಯೇ ಕ್ಷೇಮ.

ಎರಡು ಹಳೆಯ ಸಂಗತಿ ಎದುರಾದಾಗ

ಈಗ ರೈಲಿಗೆ ಬರೋಣ.

“ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಲೆಫ್ಟ್.”
“ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್.”
“ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ವಾಸ್ ಲೀವಿಂಗ್.”

ಮೂರೂ ಸರಿಯಾದ ಇಂಗ್ಲಿಷ್. ಮೂರರ ಪಾಡು ಬೇರೆ. ಮೊದಲನೆಯದರಲ್ಲಿ ನಾನು ಕಾಲಿಟ್ಟೆ, ರೈಲು ಹೊರಟಿತು. ಎರಡನೆಯದರಲ್ಲಿ ಪ್ಲಾಟ್‌ಫಾರ್ಮ್ ಖಾಲಿ. ಮೂರನೆಯದರಲ್ಲಿ ಓಡಿದರೆ ಸಿಗಬಹುದೇನೋ. ಟೆನ್ಸ್ ಹೊಂದಿಸುವುದು ಅಂದರೆ ಬರೀ ತಪ್ಪು ತಪ್ಪಿಸುವುದಲ್ಲ, ಏನಾಯಿತು ಅಂತ ಸರಿಯಾಗಿ ಹೇಳುವುದು.

ಹ್ಯಾಡ್ ಯಾವಾಗ ಬೇಕು? ಸಂಗತಿಗಳನ್ನು ನಡೆದ ಕ್ರಮದಲ್ಲೇ ಹೇಳುತ್ತಿದ್ದರೆ ಬೇಡ. “ದ ಸ್ಟೇಟ್ ವಾಸ್ ಫಾರ್ಮ್ಡ್ ಇನ್ 1956 ಅಂಡ್ ವಾಸ್ ರೀನೇಮ್ಡ್ ಕರ್ನಾಟಕ ಇನ್ 1973.” 1956 ಮೊದಲು, 1973 ಆಮೇಲೆ. ವಾಕ್ಯದಲ್ಲೂ ಅದೇ ಕ್ರಮ. ಇಲ್ಲಿ “ಹ್ಯಾಡ್ ಬೀನ್ ಫಾರ್ಮ್ಡ್” ಹಾಕಿದರೆ ಸುಮ್ನೆ ಭಾರ. ಆದರೆ 1973ರಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿದರೆ ಬೇಕಾಗುತ್ತದೆ: “ವೆನ್ ದ ಸ್ಟೇಟ್ ವಾಸ್ ರೀನೇಮ್ಡ್ ಕರ್ನಾಟಕ, 17 ಇಯರ್ಸ್ ಹ್ಯಾಡ್ ಪಾಸ್ಡ್ ಸಿನ್ಸ್ ಯೂನಿಫಿಕೇಷನ್.”

ಇದನ್ನು ಕುಂಬ್ಳೆಯವರ ಇನ್ನೊಂದು ದಾಖಲೆಯಲ್ಲಿ ಚೆನ್ನಾಗಿ ನೋಡಬಹುದು. ಒಂದೇ ಇನ್ನಿಂಗ್ಸ್‌ನಲ್ಲಿ ಹತ್ತೂ ವಿಕೆಟ್. 1999ರಲ್ಲಿ ದೆಹಲಿಯಲ್ಲಿ, ಪಾಕಿಸ್ತಾನದ ಮೇಲೆ. ಟೆಸ್ಟ್‌ನಲ್ಲಿ ಅದಕ್ಕೂ ಮೊದಲು ಹಾಗೆ ಮಾಡಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಆಮೇಲೆ 2021ರಲ್ಲಿ ನ್ಯೂಜಿಲೆಂಡ್‌ನ ಎಜಾಜ್ ಪಟೇಲ್ ಮುಂಬೈಯಲ್ಲಿ ಮಾಡಿದರು. ನಾವು 1999ರಲ್ಲಿ ನಿಂತು ಬರೆಯೋಣ:

“ಇನ್ 1999 ಕುಂಬ್ಳೆ ಟುಕ್ ಆಲ್ ಟೆನ್ ವಿಕೆಟ್ಸ್ ಇನ್ ಆ್ಯನ್ ಇನ್ನಿಂಗ್ಸ್. ಓನ್ಲಿ ಒನ್ ಬೋಲರ್ ಹ್ಯಾಡ್ ಡನ್ ದಿಸ್ ಇನ್ ಟೆಸ್ಟ್ಸ್ ಬಿಫೋರ್ ಹಿಮ್. ಸಿನ್ಸ್ ದೆನ್, ಓನ್ಲಿ ಒನ್ ಮೋರ್ ಹ್ಯಾಸ್ ಡನ್ ಇಟ್.”

ನಿಂತ ಜಾಗಕ್ಕೆ ಟುಕ್. ಅಲ್ಲಿಂದ ಹಿಂದಕ್ಕೆ ಹ್ಯಾಡ್ ಡನ್. ಅಲ್ಲಿಂದ ಇವತ್ತಿನವರೆಗೆ ಹ್ಯಾಸ್ ಡನ್. ಈ ಮೂರು ಸಾಲು ಬಾಯಿಗೆ ಬಂದರೆ ಕೋಷ್ಟಕದ ಅರ್ಧ ಭಾಗ ಕೆಲಸಕ್ಕೆ ಬಂದ ಹಾಗೆ. ನಿಮ್ಮ ಜೀವನದ ಯಾವುದಾದರೂ ಸಂಗತಿ ಇಟ್ಟುಕೊಂಡು ಇದೇ ಅಚ್ಚಿನಲ್ಲಿ ಮೂರು ವಾಕ್ಯ ಬರೆದು ನೋಡಿ. ಕೆಲಸಕ್ಕೆ ಸೇರಿದ್ದು, ಅದಕ್ಕೂ ಮೊದಲು ಮಾಡಿದ್ದ ಓದು, ಸೇರಿದ ಮೇಲೆ ಇವತ್ತಿನವರೆಗೆ ಕಲಿತದ್ದು. ಇಂಟರ್‌ವ್ಯೂನಲ್ಲಿ “ನಿಮ್ಮ ಬಗ್ಗೆ ಹೇಳಿ” ಅಂದಾಗ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಬಿಫೋರ್, ಆಫ್ಟರ್ ಇರುವ ಕಡೆ ಕ್ರಮ ಅದರಿಂದಲೇ ಗೊತ್ತಾಗುತ್ತದೆ. “ಆಫ್ಟರ್ ಐ ಫಿನಿಶ್ಡ್ ದ ವರ್ಕ್, ಐ ಲೆಫ್ಟ್” ಅಂದರೂ ಆಯಿತು, “ಹ್ಯಾಡ್ ಫಿನಿಶ್ಡ್” ಅಂದರೂ ಆಯಿತು. ಎರಡೂ ಕಡೆ ಹ್ಯಾಡ್ ಹಾಕಬೇಡಿ ಅಷ್ಟೇ. ಒಂದು ನಡೆಯುತ್ತಿದ್ದಾಗ ಇನ್ನೊಂದು ನಡುವೆ ಬಂದರೆ, ಉದ್ದದ್ದಕ್ಕೆ ವಾಸ್ ಜೊತೆ ಐಎನ್‌ಜಿ, ಚಿಕ್ಕದಕ್ಕೆ ಸಿಂಪಲ್ ಪಾಸ್ಟ್: “ಐ ವಾಸ್ ಕುಕಿಂಗ್ ವೆನ್ ದ ಗ್ಯಾಸ್ ರ್ಯಾನ್ ಔಟ್.” ಇದು ಕನ್ನಡದ ಹಾಗೇ ಇರುವುದರಿಂದ ಯಾರೂ ಜಾಸ್ತಿ ಎಡವುವುದಿಲ್ಲ. ಡಿಡ್ ಬಂದ ಮೇಲೆ ಮುಂದಿನ ಕ್ರಿಯಾಪದಕ್ಕೆ ಭೂತಕಾಲ ಬೇಡ ಅನ್ನೋದೂ ನೆನಪಿರಲಿ. ಡಿಡ್ ನಾಟ್ ಗೋ, ಡಿಡ್ ನಾಟ್ ವೆಂಟ್ ಅಲ್ಲ.

2019ರಿಂದ ಇಲ್ಲೇ ಇದ್ದೇನೆ

“2019ರಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ.” ಮಾಡ್ತಿದ್ದೀನಿ ಅಂದರೆ ವರ್ತಮಾನ, ಹಾಗಾಗಿ “ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ 2019” ಅಂತ ಬಾಯಿಗೆ ಬಂದುಬಿಡುತ್ತದೆ. ಇಂಗ್ಲಿಷ್‌ನ ಆ್ಯಮ್ ವರ್ಕಿಂಗ್ ಈ ಹೊತ್ತನ್ನು ಮಾತ್ರ ತೋರಿಸುತ್ತದೆ. ಹಿಂದೆ ಶುರುವಾಗಿ ಇಂದಿನವರೆಗೂ ಎಳೆದುಕೊಂಡು ಬಂದಿದ್ದರೆ ಹ್ಯಾವ್ ಬೀನ್ ಬೇಕು: “ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019.” ಇರು, ತಿಳಿ, ಹೊಂದಿರು ಇಂಥ ಅರ್ಥದ ಪದಗಳಾದರೆ ಐಎನ್‌ಜಿ ಬೇಡ: “ಐ ಹ್ಯಾವ್ ನೋನ್ ಹಿಮ್ ಸಿನ್ಸ್ 2015.”

ಸಿನ್ಸ್ ಆದಮೇಲೆ ಶುರುವಾದ ಗಳಿಗೆ ಬರಬೇಕು: ಸಿನ್ಸ್ ಮಂಡೇ, ಸಿನ್ಸ್ 2019. ಎಷ್ಟು ಹೊತ್ತು, ಎಷ್ಟು ವರ್ಷ ಅಂತ ಹೇಳಬೇಕಾದರೆ ಫಾರ್: ಫಾರ್ ಸಿಕ್ಸ್ ಇಯರ್ಸ್. ಕನ್ನಡದಲ್ಲಿ ಎರಡಕ್ಕೂ ‘ಇಂದ’ ಬರುತ್ತದೆ, ಸೋಮವಾರದಿಂದ, ಆರು ವರ್ಷದಿಂದ. “ಸಿನ್ಸ್ ಸಿಕ್ಸ್ ಇಯರ್ಸ್” ಹುಟ್ಟಿದ್ದು ಅಲ್ಲಿಂದಲೇ.

ಸಿನ್ಸ್ ಮುಂದೆ ಪದದ ಬದಲು ಇಡೀ ವಾಕ್ಯ ಬಂದರೆ ಅದರೊಳಗೆ ಸಿಂಪಲ್ ಪಾಸ್ಟ್: “ಐ ಹ್ಯಾವ್ ಲರ್ನ್ಟ್ ಎ ಲಾಟ್ ಸಿನ್ಸ್ ಐ ಜಾಯಿನ್ಡ್ ದಿಸ್ ಕಂಪನಿ.” ಒಂದು ಕಡೆ ಹ್ಯಾವ್, ಇನ್ನೊಂದು ಕಡೆ ಪಾಸ್ಟ್. ರೆಸ್ಯುಮೆ ಬರೆಯುವವರು ಈ ಜೋಡಿಯನ್ನು ಕಣ್ಣುಮುಚ್ಚಿ ಇಟ್ಟುಕೊಳ್ಳಬಹುದು.

ವಿಲ್ ಎಷ್ಟು ಸಲ?

“ಅವರು ಬಂದಾಗ ಹೇಳ್ತೀನಿ.” ಬರುವುದೂ ಮುಂದೆ, ಹೇಳುವುದೂ ಮುಂದೆ. ಹಾಗಾಗಿ “ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್” ಅಂತ ಲೆಕ್ಕ ಹಾಕುತ್ತೇವೆ. ಲೆಕ್ಕ ಸರಿ, ಇಂಗ್ಲಿಷ್ ತಪ್ಪು. ವೆನ್, ಇಫ್, ಬಿಫೋರ್, ಆಫ್ಟರ್, ಅಂಟಿಲ್, ಒನ್ಸ್, ಆ್ಯಸ್ ಸೂನ್ ಆ್ಯಸ್ ಇವುಗಳ ಮನೆಯೊಳಗೆ ವಿಲ್‌ಗೆ ಜಾಗ ಇಲ್ಲ. “ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್.” “ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಹೋಮ್.” ಒಂದೇ ವಿಲ್ ಇಡೀ ವಾಕ್ಯವನ್ನು ಮುಂದಿನ ಕಾಲಕ್ಕೆ ಒಯ್ಯುತ್ತದೆ.

ಇದು ವಿಚಿತ್ರ ಅನ್ನಿಸಿದರೆ ಕನ್ನಡವನ್ನೇ ನೋಡಿ. ಬಂದಾಗ, ಬಂದರೆ, ಬಂದ ಮೇಲೆ. ನಾಳೆಯ ಮಾತಾದರೂ ರೂಪ ‘ಬಂದ’. ನಾವೂ ಅಲ್ಲಿ ಭವಿಷ್ಯ ಹಾಕುತ್ತಿಲ್ಲ ಅಲ್ವಾ?

ಆದರೆ ವೆನ್ ಕಂಡಲ್ಲೆಲ್ಲ ವಿಲ್ ಕಿತ್ತುಹಾಕಿದರೂ ತಪ್ಪಾಗುತ್ತದೆ. “ಐ ಡೋಂಟ್ ನೋ ವೆನ್ ಹಿ ವಿಲ್ ಕಮ್” ಪೂರ್ತಿ ಸರಿ. ಇವೆರಡನ್ನು ಬೇರ್ಪಡಿಸಲು ವ್ಯಾಕರಣದ ಪುಸ್ತಕ ದೊಡ್ಡ ಹೆಸರುಗಳನ್ನು ಹೇಳುತ್ತದೆ. ಕನ್ನಡ ಬಲ್ಲವರಿಗೆ ಅದು ಬೇಕಿಲ್ಲ. ಆ ವೆನ್ ಇರುವ ಭಾಗವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಬಂದಾಗ’ ಅಂತ ಬಂದರೆ ವಿಲ್ ಬೇಡ. ‘ಯಾವಾಗ ಬರ್ತಾರೋ’ ಅಂತ ಬಂದರೆ ವಿಲ್ ಇರಲಿ. ಇಫ್‌ಗೂ ಇದೇ ಪರೀಕ್ಷೆ. ‘ಬಂದರೆ’ ಅಂತಾದರೆ ಬೇಡ: “ಇಫ್ ಹಿ ಕಮ್ಸ್, ಕಾಲ್ ಮಿ.” ‘ಬರ್ತಾರೋ ಇಲ್ಲವೋ’ ಅಂತಾದರೆ ಇರಲಿ: “ಐ ಡೋಂಟ್ ನೋ ಇಫ್ ಹಿ ವಿಲ್ ಕಮ್.” ಇಷ್ಟು ಸುಲಭದ ದಾರಿ ಮನೆಯಲ್ಲೇ ಇದ್ದೂ ನಮ್ಮ ಇಂಗ್ಲಿಷ್ ತರಗತಿಗಳಲ್ಲಿ ಕನ್ನಡ ಮಾತಾಡಬೇಡಿ ಅಂತಾರೆ!

ಬೈ ದ ಟೈಮ್ ಕೂಡ ಈ ಗುಂಪಿನದೇ. “ನೀವು ಬರುವಷ್ಟರಲ್ಲಿ ನಾವು ಊಟ ಮುಗಿಸಿರುತ್ತೇವೆ” ಅಂದರೆ “ಬೈ ದ ಟೈಮ್ ಯು ಕಮ್, ವಿ ವಿಲ್ ಹ್ಯಾವ್ ಫಿನಿಶ್ಡ್ ಲಂಚ್.” ನಿನ್ನೆಯ ಮಾತಾದರೆ “ಬೈ ದ ಟೈಮ್ ಯು ಕೇಮ್, ವಿ ಹ್ಯಾಡ್ ಫಿನಿಶ್ಡ್ ಲಂಚ್.” ಮುಗಿಸಿರುತ್ತೇವೆಗೆ ವಿಲ್ ಹ್ಯಾವ್, ಮುಗಿಸಿದ್ದೆವುಗೆ ಹ್ಯಾಡ್. ಈ ಜೋಡಿ ಕನ್ನಡದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ.

ಹೋಗ್ತಿದ್ದೆ ಅನ್ನೋ ಮೂರು ಮುಖ

ಆಗದೇ ಹೋದದ್ದನ್ನು ಹೇಳುವಾಗ ನಮಗೆ ತೊಡಕು ಜಾಸ್ತಿ. ಅದಕ್ಕೆ ಕಾರಣ ಕನ್ನಡದ ಒಂದೇ ರೂಪ ಮೂರು ಕೆಲಸ ಮಾಡುವುದು.

“ಚಿಕ್ಕವನಿದ್ದಾಗ ಕೆರೆಗೆ ಈಜೋಕೆ ಹೋಗ್ತಿದ್ದೆ.” ಇದು ಹಳೆಯ ಅಭ್ಯಾಸ, ಇಂಗ್ಲಿಷ್‌ನಲ್ಲಿ ಯೂಸ್ಡ್ ಟು ಗೋ.
“ನೀನು ಫೋನ್ ಮಾಡಿದಾಗ ಆಫೀಸಿಗೆ ಹೋಗ್ತಿದ್ದೆ.” ಇದು ಆ ಹೊತ್ತಿನ ಕೆಲಸ, ವಾಸ್ ಗೋಯಿಂಗ್.
“ಗೊತ್ತಿದ್ದಿದ್ದರೆ ಮದುವೆಗೆ ಹೋಗ್ತಿದ್ದೆ.” ಇದು ಹೋಗದೇ ಇದ್ದದ್ದು, ವುಡ್ ಹ್ಯಾವ್ ಗಾನ್.

ಮೂರನೆಯದನ್ನು ಬರೆಯುವಾಗ “ಇಫ್ ಐ ವುಡ್ ಹ್ಯಾವ್ ನೋನ್, ಐ ವುಡ್ ಹ್ಯಾವ್ ಗಾನ್” ಅಂತ ಎರಡೂ ಕಡೆ ವುಡ್ ಬರುತ್ತದೆ. ಇಫ್ ಒಳಗೆ ವಿಲ್ ಬಾರದ ಹಾಗೆ, ಸಾಮಾನ್ಯವಾಗಿ ವುಡ್ ಕೂಡ ಬಾರದು. “ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಗಾನ್.” ಇಫ್ ಪಕ್ಕ ಹ್ಯಾಡ್, ಆಚೆ ಕಡೆ ವುಡ್ ಹ್ಯಾವ್.

ಮುಗಿದುಹೋದದ್ದಲ್ಲ, ಈಗಲೇ ಇಲ್ಲದ್ದಾದರೆ ಒಂದು ಮೆಟ್ಟಿಲು ಇಳಿಸಿ. “ದುಡ್ಡಿದ್ದಿದ್ದರೆ ಈ ಸೈಟ್ ತಗೋತಿದ್ದೆ” ಅಂತ ಇವತ್ತು ಹೇಳಿದರೆ: “ಇಫ್ ಐ ಹ್ಯಾಡ್ ದ ಮನಿ, ಐ ವುಡ್ ಬೈ ದಿಸ್ ಸೈಟ್.” ಇಲ್ಲಿನ ಹ್ಯಾಡ್ ನೋಡೋಕೆ ಪಾಸ್ಟ್, ಮಾತು ಇವತ್ತಿನದೇ. ದುಡ್ಡು ಇಲ್ಲ ಅನ್ನೋದನ್ನ ಹೇಳೋಕೆ ಇಂಗ್ಲಿಷ್ ಹಾಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಐ ವಿಶ್ ಆದಮೇಲೂ ಅದೇ: “ಐ ವಿಶ್ ಐ ನ್ಯೂ ತುಳು.” ಬರಲ್ಲ, ಬಂದಿದ್ದರೆ ಚೆನ್ನಾಗಿತ್ತು ಅಂತ.

ಕಾರಣ ಹಿಂದಿನದು, ಫಲ ಈಗಿನದು ಆದರೆ ಎರಡನ್ನೂ ಬೆರೆಸಬಹುದು: “ಇಫ್ ವಿ ಹ್ಯಾಡ್ ಲೆಫ್ಟ್ ಅಟ್ ಸಿಕ್ಸ್, ವಿ ವುಡ್ ಬಿ ಇನ್ ಹುಬ್ಬಳ್ಳಿ ನೌ.” ಪುಸ್ತಕದಲ್ಲಿ ಒಂದು, ಎರಡು, ಮೂರು ಅಂತ ನಂಬರ್ ಹಾಕಿದ ಇಫ್ ವಾಕ್ಯಗಳನ್ನು ಕಲಿತವರು ಇದನ್ನು ತಪ್ಪು ಅಂದುಕೊಳ್ಳುತ್ತಾರೆ. ತಪ್ಪಲ್ಲ. ಹೊರಡಬೇಕಿದ್ದದ್ದು ಬೆಳಿಗ್ಗೆ, ಇರಬೇಕಿದ್ದದ್ದು ಈಗ.

ಬೇರೆಯವರು ಹೇಳಿದ್ದನ್ನು ಹೇಳುವುದು

“ನಾಳೆ ಬರ್ತೀನಿ ಅಂತ ತಮ್ಮ ಹೇಳಿದ.” ಕನ್ನಡದಲ್ಲಿ ತಮ್ಮನ ಬಾಯಿಂದ ಬಂದದ್ದು ಹಾಗೇ ಉಳಿದಿದೆ. ನಾಳೆ ನಾಳೆಯಾಗೇ ಇದೆ, ಬರ್ತೀನಿ ಬರ್ತೀನಿಯಾಗೇ ಇದೆ. ‘ಅಂತ’ ಅನ್ನೋ ಒಂದು ಪದ ಎಲ್ಲವನ್ನೂ ಕಟ್ಟಿಕೊಡುತ್ತದೆ. ಇಂಗ್ಲಿಷ್‌ನಲ್ಲಿ ಅವನ ಮಾತನ್ನು ನಿಮ್ಮ ಜಾಗದಿಂದ ನೋಡಿ ಮತ್ತೆ ಹೇಳಬೇಕು: “ಮೈ ಬ್ರದರ್ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.” ಐ ಹೋಗಿ ಹಿ, ವಿಲ್ ಹೋಗಿ ವುಡ್, ಟುಮಾರೊ ಹೋಗಿ ದ ನೆಕ್ಸ್ಟ್ ಡೇ. ಇದೇ ರೀತಿ ಆ್ಯಮ್ ಮತ್ತು ಈಸ್ ವಾಸ್ ಆಗುತ್ತವೆ, ಕ್ಯಾನ್ ಕುಡ್ ಆಗುತ್ತದೆ, ಹ್ಯಾವ್ ಹ್ಯಾಡ್ ಆಗುತ್ತದೆ, ವೆಂಟ್ ಹ್ಯಾಡ್ ಗಾನ್ ಆಗುತ್ತದೆ.

ಪ್ರಶ್ನೆಯಾದರೆ ಡಿಡ್, ಡು ಬಿಟ್ಟುಹೋಗುತ್ತವೆ, ಪದಗಳ ಕ್ರಮವೂ ನೇರವಾಗುತ್ತದೆ. “ಎಲ್ಲಿಗೆ ಹೋಗಿದ್ದೆ ಅಂತ ಅಪ್ಪ ಕೇಳಿದರು” ಅಂದರೆ “ಮೈ ಫಾದರ್ ಆಸ್ಕ್ಡ್ ಮಿ ವೇರ್ ಐ ಹ್ಯಾಡ್ ಗಾನ್.” “ವೇರ್ ಡಿಡ್ ಐ ಗೋ” ಅಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಸಂಭಾಷಣೆಯನ್ನು ರಿಪೋರ್ಟೆಡ್ ಸ್ಪೀಚ್‌ಗೆ ಬದಲಾಯಿಸುವಾಗ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಹಿಂದಕ್ಕೆ ಸರಿಸಬೇಕಾಗಿಲ್ಲದ ಸಂದರ್ಭಗಳೂ ಇವೆ. ಸೆಡ್ ಬದಲು ಸೇಸ್ ಅಥವಾ ಹ್ಯಾಸ್ ಸೆಡ್ ಇದ್ದರೆ ಸಾಮಾನ್ಯವಾಗಿ ಏನೂ ಸರಿಯುವುದಿಲ್ಲ: “ಹಿ ಸೇಸ್ ದಟ್ ಹಿ ವಿಲ್ ಕಮ್.” ಯಾವತ್ತೂ ನಿಜವಾದ ಮಾತಾದರೆ ಹಾಗೇ ಬಿಡಬಹುದು: “ದ ಟೀಚರ್ ಸೆಡ್ ದಟ್ ವಾಟರ್ ಬಾಯಿಲ್ಸ್ ಅಟ್ 100 ಡಿಗ್ರೀಸ್.” ಹೇಳಿದ್ದು ಇನ್ನೂ ನಡೆಯಬೇಕಿದ್ದರೂ ಸರಿಸದೆ ಬಿಡಬಹುದು. ಬೆಳಿಗ್ಗೆ ಮ್ಯಾನೇಜರ್ ಹೇಳಿದ್ದನ್ನು ಮಧ್ಯಾಹ್ನ ತಿಳಿಸುವಾಗ “ಶಿ ಸೆಡ್ ಶಿ ವಿಲ್ ಸೈನ್ ಇಟ್ ಟುಮಾರೊ” ಅಂದರೆ ಯಾರೂ ಹುಬ್ಬು ಹಾರಿಸುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ವುಡ್ ಅಂತಲೇ ಬರೆಯಿರಿ. ಆಫೀಸಿನಲ್ಲಿ ಎರಡೂ ನಡೆಯುತ್ತದೆ.

ಬರೆದ ಮೇಲೆ ಹೀಗೆ ನೋಡಿ

ಪತ್ರವೋ ಮೇಲೋ ಮುಗಿದ ಮೇಲೆ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕಿ. ಕಾಲ ಹೇಳುವ ಪದಗಳಿಗೆ ಸುತ್ತು ಹಾಕಿ. ಸುತ್ತು ಹಾಕಿದ್ದು ಅಡಿಗೆರೆಗೆ ಒಪ್ಪುತ್ತದಾ ನೋಡಿ. ಆಮೇಲೆ ಪ್ರತಿ ಹ್ಯಾಡ್ ಮುಂದೆ ನಿಂತು “ಯಾವುದಕ್ಕಿಂತ ಮೊದಲು?” ಅಂತ ಕೇಳಿ. ಉತ್ತರ ಇಲ್ಲದ ಹ್ಯಾಡ್ ಕಿತ್ತುಹಾಕಿ. ಕೊನೆಗೆ ವೆನ್, ಇಫ್, ಒನ್ಸ್ ಒಳಗೆ ವಿಲ್, ವುಡ್ ಸೇರಿಕೊಂಡಿದ್ದರೆ ಕನ್ನಡದ ಪರೀಕ್ಷೆ ಮಾಡಿ. ಒಂದು ಮೇಲ್ ತಿದ್ದೋಣ.

“ಡಿಯರ್ ಸರ್, ಐ ಹ್ಯಾವ್ ಅಪ್ಲೈಡ್ ಫಾರ್ ಲೀವ್ ಲಾಸ್ಟ್ ಮಂಡೇ. ಮೈ ಮದರ್ ಈಸ್ ನಾಟ್ ವೆಲ್ ಸಿನ್ಸ್ ಟೂ ವೀಕ್ಸ್. ಐ ಹ್ಯಾಡ್ ಟೇಕನ್ ಹರ್ ಟು ದ ಹಾಸ್ಪಿಟಲ್ ಯೆಸ್ಟರ್ಡೇ ಅಂಡ್ ದ ಡಾಕ್ಟರ್ ಸೆಡ್ ದಟ್ ಶಿ ನೀಡ್ಸ್ ರೆಸ್ಟ್. ಇಫ್ ಐ ವುಡ್ ಹ್ಯಾವ್ ನೋನ್ ದಿಸ್ ಅರ್ಲಿಯರ್, ಐ ವುಡ್ ಹ್ಯಾವ್ ಇನ್ಫಾರ್ಮ್ಡ್ ಯು. ಐ ವಿಲ್ ಕಾಲ್ ಯು ಒನ್ಸ್ ಐ ವಿಲ್ ರೀಚ್ ಹಾಸನ.”

ಲಾಸ್ಟ್ ಮಂಡೇಗೆ ಸುತ್ತು ಬಿದ್ದಿದೆ, ಹಾಗಾಗಿ ಹ್ಯಾವ್ ಹೋಗಲಿ: “ಐ ಅಪ್ಲೈಡ್ ಫಾರ್ ಲೀವ್ ಲಾಸ್ಟ್ ಮಂಡೇ.” ಎರಡು ವಾರದಿಂದ ಇವತ್ತಿನವರೆಗೆ ಹುಷಾರಿಲ್ಲ: “ಮೈ ಮದರ್ ಹ್ಯಾಸ್ ನಾಟ್ ಬೀನ್ ವೆಲ್ ಫಾರ್ ಟೂ ವೀಕ್ಸ್.” ಹ್ಯಾಡ್ ಟೇಕನ್, ಯಾವುದಕ್ಕಿಂತ ಮೊದಲು? ಉತ್ತರ ಇಲ್ಲ. “ಐ ಟುಕ್ ಹರ್ ಟು ದ ಹಾಸ್ಪಿಟಲ್ ಯೆಸ್ಟರ್ಡೇ.” ಇಫ್ ಪಕ್ಕದ ವುಡ್ ಹ್ಯಾವ್ ತೆಗೆದು “ಇಫ್ ಐ ಹ್ಯಾಡ್ ನೋನ್ ದಿಸ್ ಅರ್ಲಿಯರ್.” ಹಾಸನಕ್ಕೆ ‘ಹೋದ ಮೇಲೆ’ ಫೋನ್ ಮಾಡ್ತೀನಿ ಅಂತ ಕನ್ನಡದಲ್ಲಿ ಬರುತ್ತದೆ, ‘ಯಾವಾಗ’ ಬರುವುದಿಲ್ಲ. ಆದ್ದರಿಂದ “ಒನ್ಸ್ ಐ ರೀಚ್ ಹಾಸನ.”

ಡಾಕ್ಟರ್ ಮಾತು ಉಳಿಯಿತು. ಸೆಡ್ ಕಂಡ ಕೂಡಲೇ ನೀಡ್ಸ್ ಅನ್ನು ನೀಡೆಡ್ ಮಾಡಲು ಕೈ ಹೋಗಬಹುದು. ಮಾಡಿದರೂ ತಪ್ಪಲ್ಲ. ಆದರೆ ಅಮ್ಮನಿಗೆ ಇವತ್ತೂ ವಿಶ್ರಾಂತಿ ಬೇಕು, ರಜೆ ಕೇಳುತ್ತಿರುವುದೇ ಅದಕ್ಕೆ. ಅಲ್ಲಿ ನೀಡ್ಸ್ ಹಾಗೇ ಇರಲಿ.